ಕರೆಂಟ್ ಹೋದಾಗ ಆನೆಮರಿ ನಡುನೀರಿನಲ್ಲಿತ್ತು

ಮಿರ್ಲೆಗೆ ಹೆಣ್ಣು ನೋಡಲು ಹೊರಟ ಕಾರು ಕಂಪಲಾಪುರ ದಾಟುವ ಮೊದಲೇ ಸಿದ್ದಲಿಂಗಮ್ಮ ಮಗನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದರು. ಆಣೆ ಕುಡಿತದ ಬಗ್ಗೆಯಲ್ಲ, ಇಸ್ಪೀಟಿನ ಬಗ್ಗೆಯೂ ಅಲ್ಲ. ಧರ್ಮೇಂದ್ರನಿಗೆ ಅವೆರಡೂ ಇರಲಿಲ್ಲ.

"ಅವ್ರ ಮನೇಲಿ ಆ ದನಿ ತೆಗೀಬ್ಯಾಡ ಕಣಪ್ಪ. ಹೆತ್ತೋಳ ಮೇಲೆ ಆಣೆ."

"ಇಲ್ಲ ಕಣವ್ವ."

"ಏನು ಕಂಡ್ರೂ ತೆಗೀಬ್ಯಾಡ."

"ತೆಗೆಯಾಕಿಲ್ಲ ಅಂದ್ನಲ್ಲ."

ಆ ದನಿ ಎಂದರೆ ಟಿವಿಯಲ್ಲಿ ಬರುವ ಕಾಡುಪ್ರಾಣಿಗಳ ಹಳೇ ಧಾರಾವಾಹಿಯ ನಿರೂಪಕನ ದನಿ. ಧರ್ಮೇಂದ್ರ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಊರಿಗೆಲ್ಲ ಇದ್ದ ಒಂದು ಟಿವಿಯ ಮುಂದೆ ಭಾನುವಾರ ಸಂಜೆ ಊರೇ ಕೂರುತ್ತಿತ್ತು. ಸಿಂಹ ಬಂದು ಜೀಬ್ರಾದ ಕತ್ತು ಹಿಡಿದರೂ ಆ ಮನುಷ್ಯ ಮದುವೆ ಮನೆಯಲ್ಲಿ ಪಾಯಸ ಬಡಿಸುವವನ ಹಾಗೆ ಸಾವಕಾಶವಾಗಿ, ಅಚ್ಚ ಪುಸ್ತಕದ ಕನ್ನಡದಲ್ಲಿ ವಿವರಿಸುತ್ತಿದ್ದ. ಧಾರಾವಾಹಿ ಮುಗಿದು ಎಷ್ಟೋ ಕಾಲವಾಯಿತು. ಆದರೆ ಯಾವುದೋ ಒಂದು ಚಾನೆಲ್ಲಿನವರು ಅದನ್ನು ಮತ್ತೆ ಮತ್ತೆ ಹಾಕುತ್ತಲೇ ಇದ್ದರು, ಧರ್ಮೇಂದ್ರ ನೋಡುತ್ತಲೇ ಇದ್ದ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕುತ್ತ ಮೊಬೈಲಿನಲ್ಲೂ ಅದನ್ನೇ ನೋಡುತ್ತಿದ್ದ. ನೋಡಿ ನೋಡಿ ಆ ದನಿ ಅವನ ಗಂಟಲಿಗೇ ಬಂದು ಒಕ್ಕಲಾಯಿತು. ಸ್ವಾರಸ್ಯದ್ದೇನಾದರೂ ಕಣ್ಣಿಗೆ ಬಿದ್ದರೆ ಬಿಕ್ಕಳಿಕೆಯಂತೆ ತಾನಾಗಿ ಹೊರಬರುತ್ತಿತ್ತು.

ಹೋದ ತಿಂಗಳು ಹುಣಸೂರಿನಲ್ಲಿ ನೋಡಿದ ಸಂಬಂಧ ತಪ್ಪಿದ್ದೂ ಅದರಿಂದಲೇ. ಹುಡುಗಿಯ ಸೋದರಮಾವ ತಟ್ಟೆಗೆ ಕೈ ಚಾಚಿದಾಗ ಧರ್ಮೇಂದ್ರ ಗಂಭೀರವಾಗಿ, "ಹಿಂಡಿನ ಹಿರಿಯ ಗಂಡು ಈಗ ಕೊನೆಯ ನಿಪ್ಪಟ್ಟಿನ ಮೇಲೆ ಕಣ್ಣಿಟ್ಟಿದೆ. ಉಳಿದವರ ಅಸಮಾಧಾನವನ್ನು ಅದು ಲೆಕ್ಕಿಸುವುದಿಲ್ಲ" ಎಂದುಬಿಟ್ಟಿದ್ದ. ಅವರು ನಿಪ್ಪಟ್ಟನ್ನು ಕೆಳಗಿಟ್ಟು ಎದ್ದು ಹೋದವರು ಮತ್ತೆ ಬರಲಿಲ್ಲ.

"ಹೊಲ ಐತೆ, ನೀರೈತೆ, ಹುಡ್ಗ ಬಂಗಾರ. ಬಾಯೊಂದು ಮುಚ್ಕಂಡಿದ್ರೆ ಇವತ್ತೇ ತಾಂಬೂಲ" ಎಂದ ಮುಂದಿನ ಸೀಟಿನಲ್ಲಿದ್ದ ದಲ್ಲಾಳಿ ಪುಟ್ಟಮಲ್ಲಪ್ಪ. ರೈತರ ಹುಡುಗರಿಗೆ ಹೆಣ್ಣು ಕೊಡುವವರು ಸಿಕ್ಕುವುದೇ ಅಪರೂಪವಾದ ಈ ಕಾಲದಲ್ಲಿ ಹುಡುಕಿ ಹುಡುಕಿ ಅವನ ಚಪ್ಪಲಿ ಸವೆದಿತ್ತು.

ಮಿರ್ಲೆಯ ಮನೆ ದೊಡ್ಡದು. ಹುಡುಗಿಯ ತಂದೆ ರುದ್ರಸ್ವಾಮಿ ಬಾಗಿಲಿಗೇ ಬಂದು ಕರೆದೊಯ್ದರು. ನಡುಮನೆಗೆ ಕಾಲಿಡುತ್ತಿದ್ದಂತೆ ಧರ್ಮೇಂದ್ರನ ಮೈ ಜುಮ್ಮೆಂದಿತು. ಗೋಡೆಯ ಟಿವಿಯಲ್ಲಿ ಅದೇ ಧಾರಾವಾಹಿ. ಆನೆಗಳು ನದಿ ದಾಟುವ ಕಂತು. ಎದುರಿಗೆ ಕುರ್ಚಿ ಎಳೆದುಕೊಂಡು ರುದ್ರಸ್ವಾಮಿಯ ತಂದೆ, ಮುದುಕ ಚಿಕ್ಕಬಸಪ್ಪನವರು, ಬಂದವರ ಕಡೆ ತಿರುಗಿಯೂ ನೋಡದೆ ಕೂತಿದ್ದರು.

"ಅಪ್ಪಾ, ನೆಂಟ್ರು ಬಂದವ್ರೆ. ಆರ್ಸು ಅದ್ನ."

"ಇರ್ಲಾ. ಮರಿ ನೀರಿಗೆ ಇಳೀತಾ ಐತೆ."

"ಎಷ್ಟು ಸತಿ ನೋಡಿದ್ದೀಯ, ದಾಟ್ತದೆ ಬುಡು."

"ಹೋದ ಸತಿ ದಾಟ್ತು. ಈ ಸತಿ ಏನಾಯ್ತದೋ ಯಾರ್ ಕಂಡೋರು?"

ಧರ್ಮೇಂದ್ರನಿಗೆ ಮುದುಕನ ಕಾಲಿಗೆ ಬೀಳಬೇಕೆನಿಸಿತು. ದನಿ ಗಂಟಲಿನವರೆಗೆ ಬಂತು. ತಕ್ಷಣ ಒಂದು ಚಕ್ಕುಲಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ದನಿ ಮತ್ತೆ ಬಂತು, ಮತ್ತೊಂದು ಚಕ್ಕುಲಿ. "ಹುಡ್ಗಂಗೆ ಚಕ್ಕುಲಿ ಅಂದ್ರೆ ಪ್ರಾಣ" ಎಂದು ಪುಟ್ಟಮಲ್ಲಪ್ಪ ಹಲ್ಲು ಕಿರಿದ. ಒಳಗಿನಿಂದ ಇನ್ನೊಂದು ತಟ್ಟೆ ಚಕ್ಕುಲಿ ಬಂತು.

ರೂಪಶ್ರೀ ಕಾಫಿ ತಂದಳು. ತಂದವಳು ಸರಿಯಾಗಿ ಟಿವಿಗೆ ಅಡ್ಡವಾಗಿ ನಿಂತಳು. ಧರ್ಮೇಂದ್ರ ಲೋಟ ತೆಗೆದುಕೊಂಡು ಅವಳ ಭುಜದ ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಇಣುಕಿದ. ಸಿದ್ದಲಿಂಗಮ್ಮ ತೊಡೆ ಚಿವುಟಿದರು.

"ಹುಡ್ಗೀನ ನೋಡ್ಕಳಪ್ಪ, ಸಂಕೋಚ ಬ್ಯಾಡ" ಎಂದರು ರುದ್ರಸ್ವಾಮಿ.

"ನೋಡ್ದೆ, ಚೆನ್ನಾಗೈತೆ" ಎಂದ ಧರ್ಮೇಂದ್ರ. ನೋಡಿದ್ದು ಆನೆಮರಿಯನ್ನು. ರೂಪಶ್ರೀ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಹೊರಗೆ ಮೋಡ ಕವಿದು ನಡುಮನೆ ಮಬ್ಬಾಗುತ್ತಿತ್ತು. ಮರಿ ನಡುನೀರಿಗೆ ಬಂತು. ಆಚೆ ದಡದಿಂದ ಮೊಸಳೆಯೊಂದು ಸದ್ದಿಲ್ಲದೆ ಜಾರಿತು. ಚಿಕ್ಕಬಸಪ್ಪನವರು ಕುರ್ಚಿಯ ಅಂಚಿಗೆ ಬಂದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಮುದುಕರು ಎದೆ ಹಿಡಿದುಕೊಂಡರು. "ಅಯ್ಯೋ, ಮರಿ ಏನಾಯ್ತೋ."

"ಯುಪಿಎಸ್ ಕೆಟ್ಟೋಗೈತೆ. ಬನ್ನಿ, ಎಲ್ಲಾ ಜಗಲೀಲಿ ಕುಂತ್ಕಳನ" ಎಂದು ರುದ್ರಸ್ವಾಮಿ ಎದ್ದರು.

"ನೀವು ಹೋಗ್ರಲಾ. ನಂಗೆ ಎದೆ ಹೊಡ್ಕತಾ ಐತೆ" ಎಂದು ಮುದುಕರು ಕಣ್ಣು ಮುಚ್ಚಿದರು. ಮನೆಯವರೆಲ್ಲ ಗಾಬರಿಯಾಗಿ ಸುತ್ತ ನೆರೆದರು. ಒಬ್ಬರು ಬೀಸಣಿಗೆ ತಂದರು, ಇನ್ನೊಬ್ಬರು ನೀರು.

ಧರ್ಮೇಂದ್ರ ತಾಯಿಯ ಕಡೆ ನೋಡಿದ. ಸಿದ್ದಲಿಂಗಮ್ಮ ಬೇಡವೆಂದು ತಲೆಯಾಡಿಸಿದರು. ಅವನು ಚಕ್ಕುಲಿಗೆ ಕೈ ಚಾಚಿದ. ತಟ್ಟೆ ಖಾಲಿಯಾಗಿತ್ತು.

"ಮರಿಯ ಪುಟ್ಟ ಕಾಲುಗಳಿಗೆ ನೆಲ ಎಟುಕುತ್ತಿಲ್ಲ" ಎಂದಿತು ಕತ್ತಲಲ್ಲಿ ಆ ದನಿ. "ಆದರೆ ತಾಯಿ ಹಿಂತಿರುಗಿ ನೋಡುತ್ತಾಳೆ."

ಚಿಕ್ಕಬಸಪ್ಪನವರು ಕಣ್ಣು ಬಿಟ್ಟರು. "ಕರೆಂಟ್ ಬಂತಾ?"

ಬಂದಿರಲಿಲ್ಲ. ಧರ್ಮೇಂದ್ರ ಎದ್ದು ಟಿವಿಯ ಮುಂದೆ ನಿಂತಿದ್ದ. ಮಾತು ಹೊಳೆಯಾಗಿ ಹರಿಯಿತು. ಮೊಸಳೆ ಬಂದದ್ದು, ದೊಡ್ಡಾನೆಗಳು ಸುತ್ತುಗಟ್ಟಿದ್ದು, ನೀರು ಕೆಂಪಾಗದೆ ಕೆಸರಾದದ್ದು. ಬೀಸಣಿಗೆ ನಿಂತುಹೋಯಿತು. ದನಿ ಕೇಳಿ ಅಕ್ಕಪಕ್ಕದವರೂ ಒಳಗೆ ಬಂದು ಸದ್ದಿಲ್ಲದೆ ನೆಲದ ಮೇಲೆ ಕೂತರು. ಅಡುಗೆಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಪುಟ್ಟಮಲ್ಲಪ್ಪನೂ ಬಾಯಿ ತೆರೆದುಕೊಂಡು ಕೂತ. ಎಲ್ಲರೂ ಧರ್ಮೇಂದ್ರನ ಮುಖ ನೋಡುತ್ತಿದ್ದರು. ಅವನೊಬ್ಬನ ಮುಖ ಮಾತ್ರ ಹಿತ್ತಿಲ ಬಾಗಿಲಿನ ಕಡೆಗಿತ್ತು.

"ಈ ಗದ್ದಲದ ನಡುವೆ," ಎಂದಿತು ದನಿ, ಇನ್ನಷ್ಟು ಮೆಲ್ಲಗೆ, "ಹಿಂಡಿನ ಎಳೆಯ ಹೆಣ್ಣೊಂದು ಯಾರ ಕಣ್ಣಿಗೂ ಬೀಳದಂತೆ ಹಿಂದೆ ಸರಿಯುತ್ತಿದೆ. ಒಂದು ಗಳಿಗೆ ನಿಂತು ಕಿವಿಗೊಡುತ್ತದೆ. ಅಪಾಯವಿಲ್ಲವೆಂದು ಅದಕ್ಕೆ ಖಚಿತವಾಗಿದೆ. ಆಚೆ ಪೊದೆಯ ಮರೆಯಲ್ಲಿ ಬಲಿಷ್ಠವಾದ ಗಂಡೊಂದು ಅಸಹನೆಯಿಂದ ಕಾಯುತ್ತಿದೆ."

"ಇದು ಹೋದ ಸತಿ ಇರ್ನಿಲ್ಲ ಕಣ್ಲಾ" ಎಂದರು ಚಿಕ್ಕಬಸಪ್ಪನವರು ಬೆರಗಿನಿಂದ. "ಹೆಣ್ಣಾನೆ ಹಿಂಡು ಬುಟ್ಟೋಗಕಿಲ್ಲ."

"ಟಿವೀಲಿ ಕತ್ತರಿಸಿರ್ತಾರೆ ಸುಮ್ಕಿರಿ ತಾತ. ಇವ್ರು ಪೂರ್ತಿ ಹೇಳ್ತಾವ್ರೆ" ಎಂದಳು ಪಕ್ಕದ ಮನೆಯ ರಾಣಿ.

"ಎರಡೂ ಜೊತೆಯಾಗಿ ಕಣ್ಮರೆಯಾಗುತ್ತವೆ. ಉಳಿಯುವುದು ಬರೀ ಧೂಳು." ದನಿ ಒಂದು ಕ್ಷಣ ತಡೆದು ಮತ್ತೆ ನದಿಗೆ ಮರಳಿತು. "ಇತ್ತ ಮರಿಯ ಸೊಂಡಿಲು ಮಾತ್ರ ನೀರಿನ ಮೇಲೆ ಕಾಣುತ್ತಿದೆ."

ರುದ್ರಸ್ವಾಮಿ ಕಣ್ಣೊರೆಸಿಕೊಂಡು ಸಿದ್ದಲಿಂಗಮ್ಮನ ಕಡೆ ಬಾಗಿದರು. "ಇಂಥಾ ಹುಡ್ಗ ಸಿಗಾಕಿಲ್ಲ ಕಣಮ್ಮ. ತಾಂಬೂಲ ಬದ್ಲಾಯಿಸ್ಕಳನ. ಯಾರಾದ್ರೂ ರೂಪನ್ನ ಕರೀರಿ."

ಆಣೆ ಮುರಿದ ಮಗನ ಮೇಲೆ ಸಿದ್ದಲಿಂಗಮ್ಮನಿಗೆ ಹಾಲುಕ್ಕುವ ಹಾಗೆ ಪ್ರೀತಿ ಉಕ್ಕಿತು. ಪುಟ್ಟಮಲ್ಲಪ್ಪ ತನಗೇ ಮದುವೆಯಾದಂತೆ ನಾಚಿಕೊಂಡ. ರಾಣಿ ಒಳಗೆ ಹೋದಳು, ಅಟ್ಟದ ಮೇಲೆ ನೋಡಿದಳು, ಹಿತ್ತಿಲಿಗೆ ಹೋಗಿ ಬಂದಳು.

"ರೂಪಕ್ಕ ಇಲ್ಲ ಮಾವ. ಅವ್ಳ ಬ್ಯಾಗೂ ಇಲ್ಲ."

ದನಿ ನಿಂತಿತು. ಅದೇ ಹೊತ್ತಿಗೆ ರುದ್ರಸ್ವಾಮಿಯ ಫೋನು ಬಡಿದುಕೊಂಡಿತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು. ರೂಪಶ್ರೀಯ ದನಿ ನಡುಮನೆಗೆಲ್ಲ ಕೇಳಿಸಿತು.

"ಅಪ್ಪಾ, ನಾನೂ ಲೈನ್‌ಮನ್ ಶಶಿನೂ ಮದ್ವೆ ಆಯ್ತೀವಿ. ಹುಡುಕ್‌ಬ್ಯಾಡಿ. ಜಗಲಿಗೆ ಹೋಗ್ತೀರ ಅಂತ ಕರೆಂಟ್ ಅವ್ರೇ ತೆಗ್ಸಿದ್ದು, ಈಗ ಬತ್ತದೆ. ತಾತಂಗೆ ಮಾತ್ರೆ ಕೊಡಿ." ಫೋನು ಕಟ್ಟಾಯಿತು.

ಕರೆಂಟ್ ಬಂತು. ಟಿವಿಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು.

ಬೆಳಕಿನಲ್ಲಿ ರುದ್ರಸ್ವಾಮಿ ಹಿತ್ತಿಲ ಬಾಗಿಲನ್ನು ನೋಡಿದರು. ಅದಕ್ಕೆ ಎದುರಾಗಿ ನಿಂತಿದ್ದ ಧರ್ಮೇಂದ್ರನನ್ನು ನೋಡಿದರು.

"ಲೇ, ಅವ್ಳು ಹೋಗಿದ್ದು ನೀನು ನೋಡ್ದೆ ತಾನೆ?"

"ನೋಡ್ದೆ."

"ನೋಡಿ ಬಾಯಿ ಬುಟ್ಟು ಹೇಳ್ಬಾರ್ದಾಗಿತ್ತಾ?"

"ಹೇಳ್ದ್ನಲ್ಲ ಮಾವ. ಎಲ್ಲಾ ಕೇಳುಸ್ಕಂಡ್ರಲ್ಲ."

ಬಲಿಷ್ಠವಾದ ಗಂಡು ಯಾರೆಂಬುದು ಒಬ್ಬೊಬ್ಬರಿಗೇ ಹೊಳೆಯತೊಡಗಿತು.

"ಅವ್ಳು ನಿನ್ನ ಹೆಣ್ಣು ಕಣಯ್ಯ" ಎಂದ ಪುಟ್ಟಮಲ್ಲಪ್ಪ ಅಳುವ ದನಿಯಲ್ಲಿ. "ನಿಂಗೇ ನೋಡಾಕೆ ಕರ್ಕಬಂದಿದ್ದು."

"ಯಾರೋ ಪಕ್ಕದ ಮನೆಯವ್ರು ಅಂದ್ಕಂಡೆ" ಎಂದ ಧರ್ಮೇಂದ್ರ. "ಕಾಫಿ ಕೊಡೋವಾಗ ಟಿವಿಗೆ ಅಡ್ಡ ನಿಂತಿದ್ರು. ಮುಖ ಸರಿಯಾಗಿ ನೋಡಿರ್ನಿಲ್ಲ."

ಸಿದ್ದಲಿಂಗಮ್ಮ ಮಗನ ರಟ್ಟೆ ಹಿಡಿದು ಕಾರಿಗೆ ನಡೆಸಿದರು. ರುದ್ರಸ್ವಾಮಿ ಬಾಗಿಲವರೆಗೂ ಬರಲಿಲ್ಲ. ಕಾರು ಹೊರಡಬೇಕು ಎನ್ನುವಾಗ ಚಿಕ್ಕಬಸಪ್ಪನವರು ಊರುಗೋಲು ಕುಟ್ಟುತ್ತ ಬಂದು ಕಿಟಕಿ ಹಿಡಿದರು. ಬೈಯುತ್ತಾರೆಂದು ಧರ್ಮೇಂದ್ರ ತಲೆ ತಗ್ಗಿಸಿದ.

"ಮರಿ ದಡ ಸೇರ್ತಾ?"

"ಸೇರ್ತು ತಾತ."

"ಈ ಸತೀನೂ?"

"ಈ ಸತೀನೂ."

ಮುದುಕನ ಮುಖ ಅರಳಿತು. "ಮುಂದಿನ ಭಾನ್ವಾರ ಹುಲಿದು ಬತ್ತದಂತೆ. ತಪ್ಪದೆ ಬಂದ್ಬುಡಪ್ಪ. ಲೈನ್‌ಮನ್ ಊರಲ್ಲಿಲ್ಲ ನೋಡು, ಕರೆಂಟ್ ಯಾವಾಗ ಹೋಯ್ತದೋ ಹೇಳಾಕಾಗಕಿಲ್ಲ."

ಸಿದ್ದಲಿಂಗಮ್ಮ ಗಾಜು ಏರಿಸಿದರು.