ಆರು ಅಂಗುಲದ ಅಗಲಿಕೆ

ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ನನ್ನ ಕಣ್ಣಳತೆಯ ಮೇಲೆ ಡೊರೀನಳಿಗೆ ನಂಬಿಕೆಯಿಲ್ಲ. (ಅವಳನ್ನು ಆರಿಸಿದ್ದೂ ಇದೇ ಕಣ್ಣು ಎಂದರೆ, "ಆರಿಸ್ಕೊಂಡಿದ್ದು ನಾನು ಕಣಪ್ಪಾ" ಎನ್ನುತ್ತಾಳೆ.)

ಜೂನ್‌ನಲ್ಲಿ ನಾವೊಂದು ಹಳೆಯ ಐಷಾರಾಮಿ ಮನೆಗಾಡಿ ಕೊಂಡೆವು. ೧೯೯೦ರದು, ಒಳಗೆ ಅಡುಗೆಮನೆ, ಮಂಚ, ಓಕ್ ಮರದ ಬೀರು, ಎಲ್ಲ ಉಂಟು. ಆ ವರ್ಷ ಅದೇ ಮುಖ, ಅದೇ ಬಣ್ಣದ ಪಟ್ಟೆಯ ಗಾಡಿ ಎರಡು ಅಗಲದಲ್ಲಿ ಬಂದಿತ್ತು: ತೊಂಬತ್ತಾರು ಅಂಗುಲ, ನೂರಾ ಎರಡು ಅಂಗುಲ. ಡೊರೀನಳಿಗೆ ದೊಡ್ಡದು ಬೇಕಿತ್ತು. ನನಗೆ ಚಿಕ್ಕದು. ಚಳಿಗಾಲದಲ್ಲಿ ಗಾಡಿ ನಿಲ್ಲಿಸಬೇಕಿದ್ದ ಭಾವಮೈದುನ ಕ್ಲೈಡನ ಕೊಟ್ಟಿಗೆಯ ಬಾಗಿಲು ತೊಂಬತ್ತೊಂಬತ್ತೇ ಅಂಗುಲ. ಕೊಳ್ಳುವ ದಿನ ಗಾಡಿಯನ್ನು ನಾನೇ ಟೇಪು ಹಿಡಿದು ಅಳೆದು, "ತೊಂಬತ್ತಾರು" ಎಂದು ರಾಜಗಾಂಭೀರ್ಯದಿಂದ ಘೋಷಿಸಿದೆ.

ಸೆಪ್ಟೆಂಬರಿನಲ್ಲಿ ಅದನ್ನು ಕ್ಲೈಡನಲ್ಲಿಗೆ ಒಯ್ದೆವು. ಜೋಳದ ಹೊಲಗಳ ಮೇಲೆ ಆಕಾಶ ಹಸಿರಿಗೆ ತಿರುಗಿತ್ತು. ಆ ಬಣ್ಣ ಕಂಡರೆ ಆಲಿಕಲ್ಲು ಖಚಿತ ಎಂದು ನಮ್ಮ ಅಯೋವಾ ಸೀಮೆಯ ಎಲ್ಲರಿಗೂ ಗೊತ್ತು.

"ಭಾವ, ಅಳತೆ ಸರಿಯಾಗಿದೆ ತಾನೆ?" ಎಂದ ಕ್ಲೈಡ್. "ಇದು ನಮ್ಮಜ್ಜ ಕಟ್ಟಿದ ಕೊಟ್ಟಿಗೆ."

"ಮೂರಂಗುಲ ಮಿಗುತ್ತೆ," ಎಂದೆ. ನಾವಿಬ್ಬರೂ ಒಳಗೆ ನಿಂತು ಕೈಸನ್ನೆ ಮಾಡಿದೆವು. ಸ್ಟೇರಿಂಗ್ ಹಿಡಿದಿದ್ದ ಡೊರೀನ್ ಗಾಡಿಯನ್ನು ನಿಧಾನವಾಗಿ ನುಗ್ಗಿಸಿದಳು. ಗಾಡಿಯ ದುಂಡು ಮೂಗು ಒಂದಡಿ ಒಳಗೆ ಬಂದು, ಕರ್ ಎಂದು ಕಂಬಗಳ ನಡುವೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ತಗಡಿನ ಚಾವಣಿಯ ಮೇಲೆ ಆಲಿಕಲ್ಲು ಬಡಿಯತೊಡಗಿತು.

ಹಿಂದಿನ ಬಾಗಿಲಿಗೆ ಕ್ಲೈಡ್ ಮೊಳೆ ಹೊಡೆದಿದ್ದ. ಮುಂದಿನದಕ್ಕೆ ನನ್ನ ಗಾಡಿಯೇ ಬೆಣೆ. ಗಾಜಿನಾಚೆ ಹೆಂಡತಿ ಮೆತ್ತನೆಯ ಕುರ್ಚಿಯಲ್ಲಿ. ಈಚೆ ನಾನು, ಕ್ಲೈಡ್, ಮತ್ತು ನನ್ನ ಪ್ಯಾಂಟಿನ ಮೇಲೆ ಕಣ್ಣಿಟ್ಟ ಒಂದು ಟಗರು. ಅಗಲ ತಪ್ಪಿದರೆ ಅಗಲಿಕೆ ಎಂದು ಆಗ ತಿಳಿಯಿತು. ಗಾಡಿಯ ಚಾವಣಿ ತೂತಾದರೆ, ಗಾಜು ಒಡೆದರೆ, ಅವಳಿಗೇನಾದರೂ ಆದರೆ? ಹಿಂದೇನೂ ಕಾಣದ ಆ ಮಳೆಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವಂತೆಯೂ ಇರಲಿಲ್ಲ.

ಅವಳು ಕಾಗದದಲ್ಲಿ ಬರೆದು ಗಾಜಿಗೆ ಒತ್ತಿದಳು: "ಅಳೆದಿದ್ದು ಒಳಗೋ ಹೊರಗೋ?"

ಅಂದು ಬೇಲಿಪೊದೆಗೆ ಒರಗಿ ನಿಂತಿದ್ದ ಗಾಡಿಗೆ ಹೊರಗಿನಿಂದ ಟೇಪು ಹಿಡಿಯಲು ಜಾಗವಿಲ್ಲದೆ ನಾನು ಅಳೆದಿದ್ದು ಒಳಗೇ, ಗೋಡೆಯಿಂದ ಗೋಡೆಗೆ. ಬೆರಳಿನಿಂದ ಒಳಗೆ ಎಂದು ತೋರಿಸಿದೆ. ಅವಳು ಮೂರು ಬೆರಳೆತ್ತಿ ಈ ಗೋಡೆ, ಮೂರು ಬೆರಳೆತ್ತಿ ಆ ಗೋಡೆ ತೋರಿಸಿ, ಗೋಡೆಗಳ ದಪ್ಪವೇ ಆರಂಗುಲ, ಗಾಡಿ ನೂರಾ ಎರಡರದ್ದು ಎಂದು ನನಗೆ ಮನವರಿಕೆಯಾಗುವಷ್ಟರಲ್ಲಿ ಎದ್ದುಹೋಗಿ ಸೂಪು ಬಿಸಿಮಾಡಿಕೊಂಡು ಬಂದಳು.

ಮಳೆ ನಿಂತ ಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆದಳು. ಅವಳಿಗೆ ಏನೂ ಆಗಿರಲಿಲ್ಲ. ನಾನು ಓಡಿಹೋಗಿ ಅವಳ ಕೈ ಹಿಡಿದೆ.

"ಅಂತೂ ನಂಗೆ ಬೇಕಾದ ದೊಡ್ಡ ಗಾಡೀನೇ ಸಿಕ್ತು," ಎಂದಳು. "ಇದನ್ನ ಹಿಮದಲ್ಲಿ ಹೊರಗೆ ಬಿಡೋಕಾಗಲ್ಲ. ಟೆಕ್ಸಾಸ್‌ಗೆ ಅಕ್ಕನ ಮನೆಗೆ ಹೋಗೋಣ. ನಾಲ್ಕು ತಿಂಗಳು."

ಅವಳಕ್ಕ ವೆಲ್ಮಾ ನಿವೃತ್ತ ಶಾಲಾ ಶಿಕ್ಷಕಿ. ಊಟಕ್ಕೆ ಕೂತರೆ ಈಗಲೂ ನನ್ನ ಉಗುರು ಪರೀಕ್ಷಿಸುತ್ತಾಳೆ.

"ಅವಳ ಗೇಟಿನಲ್ಲಿ ಇದು ಹಿಡಿಯುತ್ತೋ ಇಲ್ವೋ," ಎಂದೆ, ಕೊನೆಯ ಆಸೆಯಿಂದ.

"ಹಿಡಿಯುತ್ತೆ. ನೂರಾ ನಲವತ್ತು ಅಂಗುಲ ಇದೆ. ಜುಲೈನಲ್ಲೇ ಅಳೆಸಿಟ್ಟಿದ್ದೀನಿ."