ಮಾವನವರು ನೀರಿಗಿಳಿದ ಪ್ರಸಂಗ

ಕೈಗೊಂದು ಕ್ಯಾಮೆರಾ ಫೋನು ಬಂದ ಮೇಲೆ ಊರಿನವರೆಲ್ಲ ಛಾಯಾಗ್ರಾಹಕರಾದರು. ನಿಜವಾದ ಛಾಯಾಗ್ರಾಹಕರೊಬ್ಬರು ಮಾತ್ರ ಕೆಲಸವಿಲ್ಲದೆ ಕೂತರು. ಅವರ ಸ್ಟುಡಿಯೋ ಇದ್ದದ್ದು ಬಸ್ ನಿಲ್ದಾಣದ ಎದುರಿಗೆ. ಒಂದು ಕಾಲದಲ್ಲಿ ತಲೆ ಬಾಚಿಕೊಳ್ಳಲೆಂದು ಅಲ್ಲಿಟ್ಟಿದ್ದ ಕನ್ನಡಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಈಗ ಒಳಗೆ ಬರುತ್ತಿದ್ದವರು ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಾದವರು, ಇಲ್ಲವೇ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವವರು. (ಎರಡನೆಯವರೇ ಹೆಚ್ಚು.)

"ನಾನು ಕಲಾವಿದ ಕಣೇ," ಎಂದರು ಅವರು ಒಂದು ಬೆಳಿಗ್ಗೆ, ಹೆಂಡತಿಯ ಮುಂದೆ. "ಅದು ಜಗತ್ತಿಗೆ ಗೊತ್ತಾಗ್ಬೇಕು. ನನ್ನದೇ ಒಂದು ವೆಬ್ ಪುಟ ಮಾಡ್ತೀನಿ."

ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮನೆಯಲ್ಲೂ ಉತ್ತರಕ್ಕಿಂತ ವಿಧಾನಕ್ಕೇ ಹೆಚ್ಚು ಅಂಕ ಕೊಡುವವರು. "ಮಾಡಿ. ಆದ್ರೆ ಅದನ್ನ ಜನ ಯಾಕೆ ನೋಡ್ತಾರೆ?"

"ಬೇರೆಯವರ ಪುಟದಲ್ಲಿ ಚಿತ್ರ ಸುಮ್ನೆ ಬಿದ್ದಿರುತ್ತೆ. ನನ್ನ ಪುಟ ತೆರೆದ್ರೆ ಎದುರಿಗೇ ಕೆರೆ. ಕೆರೇಲಿ ನೀರು. ಆ ನೀರು ಅಲುಗಾಡ್ತಾ ಇರುತ್ತೆ! ನೋಡಿದವರು ಗಾಬರಿಯಾಗಿ ಪ್ಯಾಂಟು ಮಡಚ್ಕೋಬೇಕು, ಹಾಗೆ."

ಅವರು ತೆಗೆದ ಸಾವಿರಾರು ಚಿತ್ರಗಳಲ್ಲಿ ಈ ಮಹಾಕಾರ್ಯಕ್ಕೆ ಯೋಗ್ಯವಾದ ಕೆರೆ ಇದ್ದದ್ದು ಒಂದೇ. ಎಳೆ ಬಿಸಿಲು, ತಿಳಿ ನೀರು, ಕಲ್ಲಿನ ಮೆಟ್ಟಿಲು. ಎಲ್ಲವೂ ಚೆನ್ನಾಗಿತ್ತು, ಮೆಟ್ಟಿಲ ನಟ್ಟನಡುವೆ ಮಾವನವರು ನಿಂತಿದ್ದರು ಎಂಬುದೊಂದನ್ನು ಬಿಟ್ಟರೆ.

ಮಾವನವರು, ಅಂದರೆ ಟೀಚರ ತಂದೆ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಅವರು ನಿವೃತ್ತರಾದರೂ ಅವರ ಕಣ್ಣು ಇನ್ನೂ ಸೇವೆಯಲ್ಲೇ ಇತ್ತು. ಮನೆಯಲ್ಲಿ ಅಳಿಯ ಲೋಟಕ್ಕೆ ಕಾಫಿ ಬಗ್ಗಿಸಿದರೆ ಒಂದು ಕಣ್ಣು ಮುಚ್ಚಿ ಮಟ್ಟ ನೋಡುತ್ತಿದ್ದರು. ಫೋಟೋದಲ್ಲೂ ಕೈ ಹಿಂದಕ್ಕೆ ಕಟ್ಟಿ, ಈ ಕೆರೆಯಲ್ಲಿ ಯಾರೋ ನೀರು ಕಡಿಮೆ ಅಳೆದಿದ್ದಾರೆ ಎಂಬಂತೆ ದಿಟ್ಟಿಸುತ್ತಿದ್ದರು.

"ಮಾವನವರನ್ನ ಇಲ್ಲಿಂದ ಕತ್ತರಿಸಿಬಿಟ್ರೆ..." ಎಂದು ಫೋಟೋಗ್ರಾಫರು ಗೊಣಗಿಕೊಂಡರು.

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಸದ್ದು ನಿಂತಿತು. "ಏನಂದ್ರಿ?"

"ಫೋಟೋದಲ್ಲಿ ಕಣೇ! ಫೋಟೋದಲ್ಲಿ!"

"ಫೋಟೋದಲ್ಲೂ ಬೇಡ."

ಸರಿ, ಮಾವನವರು ಉಳಿದರು. ನೀರು ಅಲುಗಾಡಿಸುವ ಕೆಲಸ ಶುರುವಾಯಿತು. ಫೋಟೋಗ್ರಾಫರ ಯೋಜನೆ ಸರಳವಾಗಿತ್ತು: ನಿಜವಾದ ಅಲೆಗಳನ್ನು ಬಿಡಿಬಿಡಿಯಾಗಿ ಚಿತ್ರ ತೆಗೆದು, ಒಂದರ ಹಿಂದೆ ಒಂದನ್ನು ಕೆರೆಯ ಮೇಲೆ ಅಂಟಿಸುವುದು. ಅದಕ್ಕಾಗಿ ಮನೆಯ ಅತಿ ದೊಡ್ಡ ಪಾತ್ರೆ ಊಟದ ಮೇಜನ್ನು ಏರಿತು. ಅದಕ್ಕೆ ನೀರು ಬಿತ್ತು, ನೀರಿಗೆ ನೀಲಿ ಶಾಯಿ ಬಿತ್ತು, ಶಾಯಿಗೆ ಗೋಲಿಗಳು ಬಿದ್ದವು. ಫೋಟೋಗ್ರಾಫರು ಸ್ಟೂಲಿನ ಮೇಲೆ ನಿಂತು ಮೇಲಿನಿಂದ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಕೊನೆಗೆ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದರೆ ಕೆರೆ ಅಲುಗಾಡುವ ಬದಲು ಬಿಕ್ಕಳಿಸುತ್ತಿತ್ತು.

ಸ್ಕೂಲಿನಿಂದ ಬಂದ ಟೀಚರು ಕೈಯಲ್ಲಿದ್ದ ಎಂಟನೇ ಕ್ಲಾಸಿನ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ತುದಿಗಿಟ್ಟು ಸೊಂಟಕ್ಕೆ ಕೈ ಕೊಟ್ಟರು. "ಮೇಜಿನ ಮೇಲೆ ಕೆರೆ ಇದೆ. ನಾವೆಲ್ಲಿ ಊಟಕ್ಕೆ ಕೂರೋದು, ದಡದಲ್ಲಾ?"

"ಇವತ್ತೊಂದು ದಿನ ತಡ್ಕೊಳ್ಳೇ."

"ನಿನ್ನೇನೂ ಇದನ್ನೇ ಹೇಳಿದ್ರಿ."

ಅಷ್ಟರಲ್ಲಿ ಮಾವನವರು ಬಂದು ಒಂದು ಕಣ್ಣು ಮುಚ್ಚಿದರು. "ಅಳಿಯಂದಿರೇ, ನಿಮ್ಮ ಕೆರೆ ಒಂದು ಕಡೆಗೆ ವಾಲಿದೆ. ಮೇಜಿನ ಕಾಲು ಗಿಡ್ಡ. ಇರಿ, ಸರಿ ಮಾಡ್ತೀನಿ." ಇಷ್ಟು ಹೇಳಿ ಬಗ್ಗಿ, ಗಿಡ್ಡ ಕಾಲಿನ ಬದಲು ಸರಿಯಿದ್ದ ಕಾಲನ್ನೆತ್ತಿ, ಅದರ ಕೆಳಗೆ ಹಳೆಯ ಪೇಪರು ತುರುಕಿಯೇಬಿಟ್ಟರು.

ಕೆರೆ ಕೋಡಿ ಬಿತ್ತು. ಇಡೀ ಎಂಟನೇ ಕ್ಲಾಸು ನೀಲಿಯಾಯಿತು.

ಮುಂದಿನ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ. ಆ ಸಂಜೆ ಗಂಡಹೆಂಡಿರು ಸ್ಟುಡಿಯೋದ ಕತ್ತಲಕೋಣೆಯಲ್ಲಿ, ಹಿಂದೆ ನೆಗೆಟಿವ್ ಒಣಹಾಕುತ್ತಿದ್ದ ತಂತಿಗೆ, ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಕ್ಲಿಪ್ಪು ಹಾಕಿ ನೇತುಹಾಕಿದರು. ಎಷ್ಟೋ ವರ್ಷಗಳ ಮೇಲೆ ಆ ತಂತಿಗೆ ಕೆಲಸ ಸಿಕ್ಕಿತ್ತು. ಫೋಟೋಗ್ರಾಫರ ಮುಖ ಮಾತ್ರ ಒದ್ದೆ ಕಾಗದಕ್ಕಿಂತ ಹೆಚ್ಚು ಜೋತುಬಿದ್ದಿತ್ತು.

"ಬಿಟ್ಬಿಡ್ತೀನಿ ಕಣೇ. ನನ್ನ ಕೈಲಾಗಲ್ಲ," ಎಂದರು.

ಇದುವರೆಗೆ ಬೈದಿದ್ದು ಸಾಲದೆಂದು ಇನ್ನಷ್ಟು ಕೂಡಿಟ್ಟುಕೊಂಡಿದ್ದ ಟೀಚರಿಗೆ ಆ ದನಿ ಕೇಳಿ ಬೈಗುಳ ಮರೆತುಹೋಯಿತು. "ಎಲ್ಲಿ, ತೋರಿಸಿ," ಎಂದು ಕಂಪ್ಯೂಟರಿನ ಮುಂದೆ ಕೂತರು. ಕೆರೆ ಬಿಕ್ಕಳಿಸಿತು. "ಅಯ್ಯೋ, ಇದಕ್ಕೆ ಗೋಲಿ ಯಾಕ್ರೀ? ಅಲೆ ಅಂದ್ರೆ ಸೈನ್ ಗೆರೆ. ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ." ಹಾಳಾದ ಕಾಗದವೊಂದರ ಬೆನ್ನಿಗೆ ಹಾವಿನಂತೆ ಒಂದು ಗೆರೆ ಎಳೆದರು. "ನೀರಿನ ಚಿತ್ರಾನ ಅಡ್ಡಡ್ಡ ಸಣ್ಣ ಪಟ್ಟಿ ಮಾಡಿ. ಒಂದೊಂದು ಪಟ್ಟೀನೂ ಈ ಗೆರೆ ಹೇಳಿದಷ್ಟು ಎಡಕ್ಕೆ, ಬಲಕ್ಕೆ ಜರುಗಿಸ್ತಾ ಹೋಗಿ. ಹತ್ತಿರದ ಅಲೆ ದೊಡ್ಡದು, ದೂರದ್ದು ಚಿಕ್ಕದು. ಅಷ್ಟೇ."

ಫೋಟೋಗ್ರಾಫರು ಹೆಂಡತಿಯನ್ನೇ ಪಿಳಿಪಿಳಿ ನೋಡಿದರು. "ಇಷ್ಟು ದಿನ ಎಲ್ಲಿದ್ದೆ ನೀನು?"

"ಊಟದ ಮೇಜು ಯಾವಾಗ ಖಾಲಿಯಾಗುತ್ತೋ ಅಂತ ಕಾಯ್ತಾ ನಿಂತಿದ್ದೆ."

ಟೀಚರು ಸೂತ್ರ ಹೇಳಿದರು, ಫೋಟೋಗ್ರಾಫರು ಪ್ರೋಗ್ರಾಮಿನಲ್ಲಿ ಟೈಪು ಮಾಡಿದರು. ಕೆರೆ ಒಮ್ಮೆ ಉಸಿರೆಳೆದುಕೊಂಡಂತೆ ಮೆಲ್ಲಗೆ ತೂಗಿತು. ಬಹಳ ದಿನದ ಮೇಲೆ ಇಬ್ಬರೂ ಒಂದೇ ಚಿತ್ರ ನೋಡುತ್ತಿದ್ದರು.

ಇನ್ನು ಉಳಿದದ್ದು ಒಂದೇ: ನೀರು ಎಲ್ಲಿಂದ ಶುರು ಎಂದು ಹೇಳುವುದು. ಮರುದಿನ ಹೆಂಡತಿ ಸ್ಕೂಲಿಗೆ ಹೋದ ಮೇಲೆ ಫೋಟೋಗ್ರಾಫರು ಚಿತ್ರದ ಬುಡದಿಂದ ದಡದವರೆಗೆ ಅಳೆದು ಆ ಅಂಕಿ ಕೊಟ್ಟರು. ಕಂಪ್ಯೂಟರೋ, ಚಿತ್ರವನ್ನು ತಲೆಯಿಂದ ಕೆಳಕ್ಕೆ ಎಣಿಸುವ ಪೈಕಿ. ಪುಟ್ಟ ಪರದೆಯಲ್ಲಿ ಕಂಡದ್ದು ಚಿತ್ರದ ಕೆಳಭಾಗವಷ್ಟೇ, ಅಲ್ಲಿ ನೀರು ಸೊಗಸಾಗಿ ಓಲಾಡುತ್ತಿತ್ತು. ಸಂತೋಷ ತಡೆಯಲಾರದೆ ಪುಟದ ವಿಳಾಸವನ್ನು ಬಂಧುಗಳಿಗೆ, ಗೆಳೆಯರಿಗೆ, ಹಳೆಯ ಗಿರಾಕಿಗಳಿಗೆಲ್ಲ ಕಳಿಸಿಬಿಟ್ಟರು.

ಸಂಜೆ ನಡುಮನೆಯ ಟೀವಿಯಲ್ಲಿ ಪುಟದ ವಿಧ್ಯುಕ್ತ ಉದ್ಘಾಟನೆ. ಚಿತ್ರ ಪೂರ್ತಿ ತೆರೆಯಿತು. ಅಲೆ ದಡ ದಾಟಿ ಮೆಟ್ಟಿಲೇರಿತ್ತು, ಮಾವನವರು ಎದೆಮಟ್ಟ ನೀರಿನಲ್ಲಿದ್ದರು. ಹೊಟ್ಟೆ ಎಡಕ್ಕೆ ಹೊರಟಿತ್ತು, ತೊಡೆ ಬಲಕ್ಕೆ ಹೊರಟಿತ್ತು, ಮೊಣಕಾಲುಗಳಿಗೆ ಒಂದರೊಡನೊಂದು ಒಮ್ಮತವೇ ಇರಲಿಲ್ಲ. ಮುಖ ಮಾತ್ರ ಇಲಾಖೆಯ ಗಾಂಭೀರ್ಯದಲ್ಲಿತ್ತು.

ಟೀಚರು ಬಾಯಿಗೆ ಸೆರಗು ಒತ್ತಿಕೊಂಡರು. ಮಾವನವರು ಕನ್ನಡಕ ಹಾಕಿಕೊಂಡು, ಟೀವಿಯ ಹತ್ತಿರ ಹೋಗಿ, ಗೇಣು ಹಾಕಿ ನೋಡಿದರು.

"ನೀರು ಎದೆವರೆಗೆ ಬಂದಿದೆ."

"ತಪ್ಪಾಯ್ತು ಮಾವ! ಈಗಲೇ ಇಳಿಸ್ತೀನಿ!"

"ಇರಿ, ಇರಿ. ಇಳಿಸ್ಬೇಡಿ." ಅವರು ಅಲ್ಲೇ ನಿಂತರು. "ನಾನು ಬಕೆಟ್ಟಿನ ನೀರು ಬಿಟ್ರೆ ಇನ್ನೊಂದು ನೀರು ಮುಟ್ಟಿದವನಲ್ಲ. ಅವತ್ತು ಆ ಮೆಟ್ಟಿಲ ಮೇಲೆ ನಿಂತಾಗ, ಒಂದ್ಸಲ ಇಳಿದು ನೋಡೋಣ ಅಂತ ಬಹಳ ಆಸೆಯಾಗಿತ್ತು. ಧೈರ್ಯ ಸಾಲಲಿಲ್ಲ." ಮಗಳ ಕಡೆ ತಿರುಗಿದರು. "ನೋಡಮ್ಮ, ಎಷ್ಟು ಆರಾಮಾಗಿ ನಿಂತಿದೀನಿ!" ಆಮೇಲೆ ಅಳಿಯನ ಹತ್ತಿರ ಬಂದು ದನಿ ತಗ್ಗಿಸಿದರು. "ಇನ್ನೊಂದು ಸ್ವಲ್ಪ ಏರಿಸಬಹುದಾ? ಭುಜದವರೆಗೆ?"

ನೀರು ಭುಜದವರೆಗೆ ಏರಿತು. ಪುಟ ಮನೆಯಿಂದ ಮನೆಗೆ ಹರಿಯಿತು. ಒಬ್ಬರಿಗೆ ತಮ್ಮ ಭಾವನನ್ನು ಸಮುದ್ರದಲ್ಲಿ ನಿಲ್ಲಿಸಬೇಕಿತ್ತು, ಇನ್ನೊಬ್ಬರಿಗೆ ನಾಯಿಯನ್ನು ಕೊಳದಲ್ಲಿ ಕೂರಿಸಬೇಕಿತ್ತು. ಸ್ಟುಡಿಯೋದ ಬೆಂಚು ತುಂಬಿ, ಬಸ್ಸಿನ ವೇಳೆ ಕೇಳಲು ಬಂದವರು ಹೊರಗೇ ನಿಲ್ಲಬೇಕಾಯಿತು. ಯಾರಿಗೆ ಎಷ್ಟು ನೀರು ಎಂದು ನಿರ್ಧರಿಸುವ ಹುದ್ದೆಗೆ ಮಾವನವರು ತಮ್ಮನ್ನು ತಾವೇ ನೇಮಿಸಿಕೊಂಡರು. "ಇವರಿಗೆ ಮೊಣಕಾಲುದ್ದ ಸಾಕು ಅಳಿಯಂದಿರೇ, ಮುಖದಲ್ಲಿ ಭಯ ಇದೆ."

ಒಂದು ಮಧ್ಯಾಹ್ನ ಊರಿನ ಈಜುಕೊಳದ ವ್ಯವಸ್ಥಾಪಕಿಯಿಂದ ಫೋನು ಬಂತು. ಎತ್ತಿದ್ದು ಮಾವನವರು. ಈಜುಕೊಳಕ್ಕೂ ಒಂದು ಪುಟ ಬೇಕಂತೆ, ಆದರೆ ತಮ್ಮದು ನಿಜವಾದ ನೀರಾದ್ದರಿಂದ ಚಿತ್ರಗಳನ್ನು ನೀರೊಳಗಿನಿಂದಲೇ ತೆಗೆಯಬೇಕಂತೆ.

"ಧಾರಾಳವಾಗಿ ತೆಗೀತಾರಮ್ಮ! ನೀರಿನ ವಿಷಯದಲ್ಲಿ ನಮ್ಮ ಅಳಿಯಂದಿರು ಎತ್ತಿದ ಕೈ!" ಎಂದು ಮಾವನವರು ಫೋನಿಟ್ಟರು.

ಅಳಿಯಂದಿರ ಮುಖ ಬಿಳಿಚಿಕೊಂಡಿತು. "ಮಾವ... ನನಗೆ ಈಜು ಬರಲ್ಲ."

"ನನಗೂ ಬರಲ್ಲ. ಒಟ್ಟಿಗೆ ಕಲಿಯೋಣ. ನಾಳೆ ಬೆಳಿಗ್ಗೆಯಿಂದಲೇ ಬರ್ತೀವಿ ಅಂತ ಹೇಳಿಯಾಯ್ತು."

ಮರುದಿನ ಬೆಳಿಗ್ಗೆ ಈಜುಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಮಾವನವರು ಹೊಸ ಟೋಪಿ ಹಾಕಿಕೊಂಡು, ಆಳ ಎಷ್ಟೆಂದು ತರಬೇತುದಾರನನ್ನು ಕೇಳಿ, ಅವನ ಮಾತು ನಂಬದೆ ಒಂದೊಂದೇ ಮೆಟ್ಟಿಲು ಇಳಿದು ತಾವೇ ಖಾತ್ರಿ ಮಾಡಿಕೊಂಡರು. ಆಮೇಲೆ ಅವನು ಬೆನ್ನಿಗೆ ಅಂಗೈ ಕೊಟ್ಟ, ಮೆಲ್ಲಗೆ ತೆಗೆದ. ಜೀವಮಾನವಿಡೀ ಊರಿನವರ ತೂಕ ನೋಡಿದ ಮಾವನವರು ತಮ್ಮ ತೂಕ ಮರೆತು ಅಂಗಾತ ತೇಲಿದರು. ತೇಲುತ್ತಾ ಚಾವಣಿಯ ಕಡೆ ನೋಡಿ ಮಗುವಿನಂತೆ ನಕ್ಕರು.

ಇತ್ತ ಸೊಂಟದುದ್ದದ ನೀರಿನಲ್ಲಿ ಫೋಟೋಗ್ರಾಫರು ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಗಡಗಡ ನಡುಗುತ್ತಾ ಗೋಡೆಯ ಕಂಬಿಯನ್ನು ತಬ್ಬಿದ್ದರು.

"ಸರ್, ಕಂಬಿ ಬಿಡಿ," ಎಂದ ತರಬೇತುದಾರ.

"ಬಿಟ್ಟಿದೀನಲ್ಲಪ್ಪ."

ವ್ಯವಸ್ಥಾಪಕಿ ಮೇಲಿನಿಂದ ಬಗ್ಗಿ ನೋಡಿದರು. "ಎತ್ತಿದ ಕೈ ಅಂದಿದ್ರು. ಎರಡೂ ಕೈ ಕಂಬೀಲೇ ಇದೆಯಲ್ಲ! ಪರವಾಗಿಲ್ಲ, ಕಲಿತ ಮೇಲೇ ತೆಗೀರಿ. ನಾವು ಕಾಯ್ತೀವಿ."

ದಡದ ಬೆಂಚಿನಲ್ಲಿ ಕೂತಿದ್ದ ಟೀಚರು ಇದನ್ನೆಲ್ಲ ಫೋನಿನಲ್ಲಿ ಸೆರೆಹಿಡಿದು, ಸಂಜೆ ಗಂಡನ ಪುಟಕ್ಕೆ ತಾವೇ ಏರಿಸಿದರು. ಮೊದಲು ಬಂದ ಮೆಚ್ಚುಗೆ ಹೀಗಿತ್ತು: "ಅದ್ಭುತ! ನೀರು ಕನ್ನಡಿ ಹಾಗೆ ನಿಂತಿದೆ, ಒಳಗಿರೋ ಮನುಷ್ಯ ಮಾತ್ರ ಅಲೆ ಅಲೆಯಾಗಿ ಅಲುಗಾಡ್ತಿದ್ದಾನೆ. ಇದಕ್ಕೆ ಯಾವ ಎಫೆಕ್ಟ್ ಹಾಕಿದ್ರಿ?"

ಟೀಚರು ಕೆಳಗೆ ಉತ್ತರ ಬರೆದರು: "ಯಾವ ಎಫೆಕ್ಟೂ ಹಾಕಿಲ್ಲ. ಅವರು ನಮ್ಮ ಯಜಮಾನರು."