ಖಾಲಿ ಕೈಗಳ ಗಣತಿ

ಮನುಷ್ಯನಿಗೆ ಎರಡು ಕೈಗಳಿರುತ್ತವೆ ಎಂಬುದನ್ನು ನಮ್ಮ ಜಾಗತಿಕ ಕೈಬಂದೂಕು ಮಾರುಕಟ್ಟೆ ಅಧ್ಯಯನ ಕಚೇರಿಯು ಮೂರು ಸಭೆಗಳ ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕರಿಸಿತು. ಖಾಲಿಯಿರುವ ಪ್ರತಿಯೊಂದು ಕೈಯೂ ಪಿಸ್ತೂಲಿನ ಭಾವೀ ಗಿರಾಕಿ ಎಂದು ವರದಿಯಲ್ಲಿ ನಮೂದಾಯಿತು. ಎಡಗೈಯನ್ನು 'ಉದಯೋನ್ಮುಖ ಮಾರುಕಟ್ಟೆ' ಎಂದು ಕರೆಯಲಾಯಿತು. ಜಗತ್ತು ತೀರಾ ದೊಡ್ಡದಾದ್ದರಿಂದ ಕಚೇರಿಯ ಎದುರಿನ ಬೀದಿಯನ್ನೇ ಜಗತ್ತು ಎಂದು ಪರಿಗಣಿಸಲಾಗಿತ್ತು.

ವರ್ಷದೊಳಗೆ ಬೇಡಿಕೆ ಶೇಕಡಾ ಹನ್ನೆರಡು ಏರುತ್ತದೆ ಎಂದು ಅಂದಾಜು ಮಾಡಿದವರು ನಮ್ಮ ಅಂಕಿಅಂಶ ಗುಮಾಸ್ತರು. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ. ಅಂದಾಜು ನಿಜವಾದರೆ ಕೆಲಸ ಖಾಯಂ, ಸುಳ್ಳಾದರೆ ಮನೆಗೆ ಎಂದು ನಿರ್ದೇಶಕರು ಬರೆದುಕೊಟ್ಟಿದ್ದರು. ಪಾಪ, ಬಾಗಿಲು ಬಡಿದುಕೊಂಡರೂ ಬೆಚ್ಚಿಬೀಳುವ ಮನುಷ್ಯ.

ವರ್ಷ ಮುಗಿಯಲು ಹದಿನೈದು ದಿನವಿತ್ತು. ಬೀದಿಯಲ್ಲಿ ಒಂದೂ ಪಿಸ್ತೂಲು ಮಾರಾಟವಾಗಿರಲಿಲ್ಲ.

"ಅಂದಾಜು ತಪ್ಪಿತೇನೋ ಸರ್," ಎಂದರು ಗುಮಾಸ್ತರು.

"ಅಂದಾಜು ಸರಿಯಾಗೇ ಇದೆ ಕಣ್ರೀ. ಜನ ಹಿಂದೆ ಬಿದ್ದಿದಾರೆ," ಎಂದರು ನಿರ್ದೇಶಕರು.

ಕೂಡಲೇ ರವಾನೆ ವಿಭಾಗದ ನನ್ನ ಮೂಲಕ ಪ್ರಕಟಣೆ ಹೊರಟಿತು: "ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಖಾಲಿ ಕೈಯಲ್ಲಿ ಕಂಡುಬರುವವರನ್ನು ಗಿರಾಕಿಗಳೆಂದು ಪರಿಗಣಿಸಿ ಸ್ಥಳದಲ್ಲೇ ಪಿಸ್ತೂಲು ಹಸ್ತಾಂತರಿಸಲಾಗುವುದು. ಜೇಬಿನೊಳಗಿನ ಕೈಗಳನ್ನು ಹೊರತೆಗೆಸಿ ಪರಿಶೀಲಿಸಲಾಗುವುದು."

ಮರುದಿನ ಇಡೀ ಬೀದಿ ಎರಡೂ ಕೈಯಲ್ಲಿ ಏನಾದರೂ ಹಿಡಿದೇ ಹೊರಬಿತ್ತು. ಬ್ಯಾಂಕಿನ ಕ್ಯಾಷಿಯರ್‌ಗೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಹೂಕೋಸು. ಮೇಷ್ಟ್ರು ಗ್ಲೋಬನ್ನು ಅಪ್ಪಿಕೊಂಡಿದ್ದರು. ಮೂವತ್ತು ವರ್ಷದಿಂದ ಮಾತುಬಿಟ್ಟಿದ್ದ ಇಬ್ಬರು ಮುದುಕರು, ಬೇರೇನೂ ಸಿಗದೆ, ಒಬ್ಬರ ಎರಡೂ ಕೈ ಒಬ್ಬರು ಹಿಡಿದು ಅಡ್ಡಡ್ಡ ನಡೆದು ಬಂದರು. ನನಗಂತೂ ಬಹಳ ಖುಷಿಯಾಯಿತು. ಆದರೆ ಗಣತಿಯ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಕೊನೆಗೆ ಗುಮಾಸ್ತರು ಸ್ವಂತ ಅಕ್ಕನ ಹೊಲಿಗೆ ಅಂಗಡಿಗೆ ಹೋದರು. ಸಾಕ್ಷಿಯಾಗಿ ನಾನೂ ಹೋದೆ.

"ಅಕ್ಕಾ, ಒಂದೇ ಒಂದು ಕೈ ಖಾಲಿ ಅಂತ ಬರ್ಕೊಳ್ಳಲಾ? ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ."

ಅಕ್ಕ ಕತ್ತರಿಯನ್ನು ತಮ್ಮನ ಮೂಗಿನ ಮುಂದೆ ಹಿಡಿದರು. "ಕೈ ತುಂಬಾ ಕೆಲಸ ಇದೆ ಕಣೋ. ಬಾಯ್ಮುಚ್ಕೊಂಡು ಆ ಸ್ಟೂಲ್ ಮೇಲೆ ಕೂತ್ಕೋ."

ಗುಮಾಸ್ತರು ಬಾಯಿ ಮುಚ್ಚಿ ಕೂತರು. ಕೂತವರು ತಟಕ್ಕನೆ ಎದ್ದು ನಮೂನೆಯ ಹಿಂಬದಿಯಲ್ಲಿ ಬರೆದರು: ಕೈಯಲ್ಲಿ ಹಿಡಿದು ಎದುರಿನವರತ್ತ ತೋರಿಸಿದಾಗ ಅವರು ಬಾಯಿ ಮುಚ್ಚಿದರೆ, ಸದರಿ ವಸ್ತುವನ್ನು ಕೈಬಂದೂಕು ಎಂದು ತಿಳಿಯತಕ್ಕದ್ದು.

ತಿದ್ದುಪಡಿ ಅಂದೇ ಮಂಜೂರಾಯಿತು. ಅಕ್ಕನ ಕತ್ತರಿ, ಮೇಷ್ಟ್ರ ಸ್ಕೇಲು, ಮನೆಮನೆಯ ಸೌಟುಗಳೆಲ್ಲ ಸೇರಿ ಬೆಳವಣಿಗೆ ಶೇಕಡಾ ನಾನೂರು ದಾಟಿತು. ನಿರ್ದೇಶಕರ ಹೆಂಡತಿಯ ತೋರುಬೆರಳನ್ನು 'ದೇಶೀಯ ಉತ್ಪಾದನೆ' ಎಂದು ಪ್ರತ್ಯೇಕವಾಗಿ ತೋರಿಸಲಾಯಿತು.

ವರದಿ ಬಿಡುಗಡೆಗೆ ಇಡೀ ಬೀದಿ ನೆರೆದಿತ್ತು. ಗುಮಾಸ್ತರ ಖಾಯಂ ಆದೇಶ ಓದಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಏಕೆಂದರೆ ಯಾರ ಕೈಯೂ ಖಾಲಿ ಇರಲಿಲ್ಲ. ಎಲ್ಲರೂ ಕಾಲಿನಿಂದ ನೆಲ ಗುದ್ದಿದರು. ಆದೇಶ ಪಡೆಯಲು ಗುಮಾಸ್ತರು ಮಾತ್ರ ಖಾಲಿ ಕೈಯಲ್ಲಿ ವೇದಿಕೆ ಹತ್ತಿದರು. ಬಲಗೈಗೆ ಆದೇಶ ಬಂತು. ಪ್ರಕಟಣೆ ಇನ್ನೂ ಜಾರಿಯಲ್ಲಿದ್ದುದರಿಂದ ಎಡಗೈಗೆ ಪಿಸ್ತೂಲು ಬಂತು. ಅವರು ಬೆಚ್ಚಿಬಿದ್ದರು.

ಈಗ ಆ ಪಿಸ್ತೂಲು ಅವರ ಮೇಜಿನ ಮೇಲೆ, ಆದೇಶದ ಕಾಗದ ಗಾಳಿಗೆ ಹಾರದಂತೆ ಕೂತಿದೆ. ಈವರೆಗೆ ಅದನ್ನು ನೋಡಿ ಯಾರೂ ಬಾಯಿ ಮುಚ್ಚಿಲ್ಲ. ಆದ್ದರಿಂದ ಅದನ್ನು ಪೇಪರ್‌ವೇಟ್ ಎಂದು ದಾಖಲಿಸಿ, ಯಾರ ಆಕ್ಷೇಪಣೆಯೂ ಇಲ್ಲದೆ, ಕೈಬಂದೂಕುಗಳ ಪಟ್ಟಿಯಿಂದ ಕೈಬಿಡಲಾಗಿದೆ.